ದೊಡ್ಡಮ್ಮನ ಬಿ.ಪಿ. ಮಾತ್ರೆ

ನಮ್ಮ ಹಿತ್ತಲಿಗೂ ಪಕ್ಕದ ಮನೆ ಹಿತ್ತಲಿಗೂ ನಡುವೆ ಸೊಂಟದೆತ್ತರದ ದಾಸವಾಳದ ಬೇಲಿ. ಬೆಳಿಗ್ಗೆ ನಾನು ಪೇಪರ್ ಹಿಡಿದು ಬಿಸಿಲಿಗೆ ಬಂದರೆ ಆ ಕಡೆ ದೊಡ್ಡಮ್ಮ ಪೂಜೆಗೆ ಹೂ ಬಿಡಿಸುತ್ತಿರುತ್ತಾರೆ. ಅವತ್ತು ಹೂಬುಟ್ಟಿಯಲ್ಲಿ ಮಾತ್ರೆಯ ಶೀಟೂ ಇತ್ತು.

“ಮೇಷ್ಟ್ರೇ, ಇದರ ಡೇಟು ಮುಗಿದಿದೆಯಾ ಸ್ವಲ್ಪ ನೋಡಿ.”

ಡೇಟು ಮುಗಿದಿರಲಿಲ್ಲ. ಆದರೆ ಮೂರು ವಾರದ ಹಿಂದೆ ಕೊಟ್ಟ ಹದಿನೈದು ಬಿ.ಪಿ. ಮಾತ್ರೆಯಲ್ಲಿ ಇನ್ನೂ ನಾಲ್ಕು ಉಳಿದಿದ್ದವು. ಲೆಕ್ಕ ಹಾಕಿ ನನಗೆ ಎದೆ ಧಸಕ್ಕೆಂದಿತು.

“ದಿನಾ ನುಂಗ್ತಾ ಇಲ್ವಾ ದೊಡ್ಡಮ್ಮ?”

“ದಿನ ಬಿಟ್ಟು ದಿನ. ಆಸ್ಪತ್ರೇಲಿ ತಿಂಗಳಿಗೆ ಮೂವತ್ತು ಕೊಡ್ತಿದ್ರು. ಈ ಸಲ ಸ್ಟಾಕ್ ಬಂದಿಲ್ಲ, ಉಳಿದದ್ದು ಹೊರಗೆ ತಗೊಳ್ಳಿ ಅಂತ ಚೀಟಿ ಬರೆದುಕೊಟ್ರು. ಹೊರಗೆ ಅಂದ್ರೆ ಪೇಟೆಗೆ ಹೋಗಬೇಕು. ಆಟೋ ದುಡ್ಡೇ ಮಾತ್ರೆಗಿಂತ ಜಾಸ್ತಿ. ಅದಕ್ಕೇ ಜೋಪಾನ ಮಾಡ್ತಿದ್ದೀನಿ.”

ಮಾತ್ರೆ ಕೊಟ್ಟ ಸಿಸ್ಟರ್ ಮೇಲೆ ಅವರಿಗೆ ಒಂದಿಷ್ಟೂ ಕೋಪವಿಲ್ಲ. “ಆ ಹುಡುಗಿ ಏನು ಮಾಡ್ತಾಳೆ, ಬೀರು ತೆಗೆದು ತೋರಿಸಿದಳು, ಖಾಲಿ” ಅಂದರು. ನನ್ನ ಕೈಯಲ್ಲಿದ್ದ ಪೇಪರಿನಲ್ಲಿ ಬಜೆಟ್ಟಿನ ಲೆಕ್ಕವಿತ್ತು. “ಅದರಲ್ಲಿ ಆಸ್ಪತ್ರೆಗೆ ಎಷ್ಟು ಇಟ್ಟಿದ್ದಾರಂತೆ?” ಎಂದು ಕೇಳಿದರು.

2025–26ರ ರಾಜ್ಯ ಬಜೆಟ್ಟಿನ ಒಟ್ಟು ಗಾತ್ರ 4.09 ಲಕ್ಷ ಕೋಟಿ. ಅದರಲ್ಲಿ ಆರೋಗ್ಯಕ್ಕೆ 17,473 ಕೋಟಿ. ಕೋಟಿ ಅಂದರೆ ಬೇಲಿ ದಾಟುವ ಮಾತಲ್ಲ, ನೂರು ರೂಪಾಯಿಗೆ ಇಳಿಸಿ ಹೇಳಿದೆ: “ನೂರಕ್ಕೆ ನಾಲ್ಕು ರೂಪಾಯಿ ಚಿಲ್ಲರೆ.”

ಹೂ ಬಿಡಿಸುತ್ತಿದ್ದ ಕೈ ನಿಂತಿತು. “ನಾಲ್ಕೇ?”

ನಾಲ್ಕೇ. ಅದರಲ್ಲೇ ಡಾಕ್ಟರು, ಸಿಸ್ಟರುಗಳ ಸಂಬಳ, ಕಟ್ಟಡ, ಯಂತ್ರ, ಔಷಧಿ, ಎಲ್ಲ ಬರಬೇಕು. ಕೇಂದ್ರದ್ದು ಕೇಳಿದರೆ ಇನ್ನೂ ಕಮ್ಮಿ. ಅದೇ ವರ್ಷ 50 ಲಕ್ಷ ಕೋಟಿ ದಾಟಿದ ಬಜೆಟ್ಟಿನಲ್ಲಿ ಆರೋಗ್ಯ ಸಚಿವಾಲಯಕ್ಕೆ ಸಿಕ್ಕಿದ್ದು ಒಂದು ಲಕ್ಷ ಕೋಟಿಯ ಒಳಗೆ, ನೂರಕ್ಕೆ ಎರಡೂ ಪೂರ್ತಿ ಆಗಲಿಲ್ಲ. ಸಂವಿಧಾನದಲ್ಲಿ ಆಸ್ಪತ್ರೆ, ಔಷಧಾಲಯ ರಾಜ್ಯಗಳ ಪಟ್ಟಿಯಲ್ಲಿವೆ, ಹಾಗಾಗಿ ಹೆಚ್ಚಿನ ಹೊರೆ ರಾಜ್ಯದ ಹೆಗಲಿಗೇ ಬೀಳುತ್ತದೆ. ಇದನ್ನು ತಿಳಿದೇ 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಬರೆದುಕೊಂಡಿದ್ದರು: 2020ರ ಹೊತ್ತಿಗೆ ರಾಜ್ಯಗಳು ತಮ್ಮ ಬಜೆಟ್ಟಿನ ಶೇ. 8ಕ್ಕಿಂತ ಹೆಚ್ಚು ಆರೋಗ್ಯಕ್ಕೆ ಕೊಡಬೇಕು, ಸಿಕ್ಕ ದುಡ್ಡಿನಲ್ಲಿ ಮೂರನೇ ಎರಡು ಪಾಲು ಪ್ರಾಥಮಿಕ ಚಿಕಿತ್ಸೆಗೇ ಹೋಗಬೇಕು ಎಂದು. ಅಂದರೆ ದೊಡ್ಡಮ್ಮ ಚೀಟಿ ಹಿಡಿದು ನಿಲ್ಲುವ ಆ ಚಿಕ್ಕ ಆಸ್ಪತ್ರೆಗೆ, ಆ ಖಾಲಿ ಬೀರುವಿಗೆ. ಎಂಟು ಎಂದು ಬರೆದ ಕಡೆ ನಾಲ್ಕು ಕಂಡರೆ ನನಗೆ ಸಂಕಟವಾಗುತ್ತದೆ.

“ಐದು ಲಕ್ಷದ ಕಾರ್ಡು ಇದೆಯಲ್ಲ ನನ್ನ ಹತ್ರ?” ಎಂದರು. ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ. ಒಳ್ಳೆಯದೇ. ಅವರ ಮೈದುನನಿಗೆ ಹೃದಯದ ಆಪರೇಷನ್ ಆದಾಗ ಆ ಕಾರ್ಡು ಮನೆ ಉಳಿಸಿತು. ಆದರೆ ಅದು ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರಿಗೆ. ನಾನು ಇಷ್ಟು ಹೇಳುವಷ್ಟರಲ್ಲಿ ದೊಡ್ಡಮ್ಮ ತಾವೇ ಅಂದರು: “ಹಂಗಾದ್ರೆ ಲಕ್ವ ಹೊಡೆದರೆ ದುಡ್ಡು ಬರುತ್ತೆ, ಹೊಡೀದಂಗೆ ನೋಡಿಕೊಳ್ಳೋ ಮಾತ್ರೆಗೆ ಬರಲ್ಲ.”

ಇದಕ್ಕಿಂತ ಚೆನ್ನಾಗಿ ನಾನು ಯಾವ ವರದಿಯಲ್ಲೂ ಓದಿಲ್ಲ.

ಸರ್ಕಾರ ಹಾಕದ ದುಡ್ಡು ಎಲ್ಲೋ ಮಾಯವಾಗುವುದಿಲ್ಲ, ನಮ್ಮ ಸೊಂಟದ ಚೀಲದಿಂದ ಹೋಗುತ್ತದೆ. 2013–14ರಲ್ಲಿ ದೇಶದ ಒಟ್ಟು ಆರೋಗ್ಯ ಖರ್ಚಿನ ಪ್ರತಿ ನೂರರಲ್ಲಿ 64 ರೂಪಾಯಿಯನ್ನು ಜನರೇ ಕೈಯಿಂದ ಕೊಡುತ್ತಿದ್ದರು. 2021–22ಕ್ಕೆ ಅದು 39ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಸರ್ಕಾರದ ಪಾಲು ಏರಿತ್ತು. ಥೈಲ್ಯಾಂಡಿನವರು ಇನ್ನೂ ಮುಂದೆ ಹೋದರು. ಮೊದಲು ಹಳ್ಳಿ, ತಾಲ್ಲೂಕು ಮಟ್ಟದ ಆಸ್ಪತ್ರೆಗಳನ್ನು ಕಟ್ಟಿ, 2002ರಲ್ಲಿ ಮೂವತ್ತು ಬಾಟ್ ಕೊಟ್ಟರೆ ಚಿಕಿತ್ಸೆ ಅನ್ನುವ ಯೋಜನೆಯನ್ನು ದೇಶಕ್ಕೆಲ್ಲ ತಂದರು. ಕೊಟ್ಟಷ್ಟೂ ಜನರ ಹೊರೆ ಇಳಿಯುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

“ನಮ್ಮನೇಲಿ ನೂರು ರೂಪಾಯಿ ಬಂದ್ರೆ ಎಷ್ಟು ಔಷಧಿಗೆ ಹೋಗುತ್ತೆ ಗೊತ್ತಾ?” ಎಂದು ದೊಡ್ಡಮ್ಮ ಬೆರಳು ಮಡಿಸಿ ಎಣಿಸತೊಡಗಿದರು. ಮಂಡಿನೋವಿನ ಎಣ್ಣೆ, ಕಣ್ಣಿನ ಡ್ರಾಪ್ಸು, ಮೊಮ್ಮಗನ ಕೆಮ್ಮಿನ ಟಾನಿಕ್ಕು. ಒಂದು ಕೈಯ ಬೆರಳು ಮುಗಿದು ಇನ್ನೊಂದಕ್ಕೆ ಬಂದರು. ನಡುವೆ ಕುಕ್ಕರ್ ಕೂಗಿತೆಂದು ಎಣಿಕೆ ಅಲ್ಲಿಗೇ ನಿಂತಿತು.

ಸೋಮವಾರ ನಾನು ಪೇಟೆಗೆ ಹೋಗುವುದಿದೆ, ಜನೌಷಧಿ ಅಂಗಡಿಯಿಂದ ಒಂದು ತಿಂಗಳದ್ದು ತರುತ್ತೇನೆ, ಚೀಟಿ ಕೊಡಿ ಅಂದೆ. ಸೆರಗಿನ ಗಂಟು ಬಿಚ್ಚಿ ನಾಲ್ಕಾಗಿ ಮಡಿಸಿದ ಚೀಟಿ ಕೊಟ್ಟರು, ಜೊತೆಗೆ ಐವತ್ತರ ನೋಟು. ಬೇಡವೆಂದರೆ ಕೇಳಲಿಲ್ಲ.

ಬಾಗಿಲವರೆಗೆ ಹೋದವರು ಶೀಟು ಹಿಡಿದು ತಿರುಗಿ ನಿಂತರು.

“ಮೇಷ್ಟ್ರೇ, ಇವತ್ತು ನುಂಗೋ ದಿನವೋ, ಬಿಡೋ ದಿನವೋ, ಮರೆತೇ ಹೋಯ್ತು.”

“ನುಂಗಿ ದೊಡ್ಡಮ್ಮ, ಈಗಲೇ ನುಂಗಿ” ಅಂದೆ.