ನೋವಿಲ್ಲದಿದ್ದರೆ ವಿಮೆ

ಸ್ಯಾನ್ ಫ್ರಾನ್ಸಿಸ್ಕೋದ ಮಗನ ಮನೆ. ಕೋಲಾರದಿಂದ ಬಂದ ಅಪ್ಪ ದವಡೆ ಹಿಡಿದು ಕೂತಿದ್ದಾರೆ.

"ಡಾಕ್ಟರ್ ಏನಂದ್ರೋ?"

"ರೂಟ್ ಕೆನಾಲ್, ಮೇಲೊಂದು ಕ್ಯಾಪು. ಎರಡು ಸಾವಿರ ಡಾಲರ್ ದಾಟುತ್ತಂತೆ."

"ವಿಮೆ ಮಾಡಿಸಿದ್ದೆಯಲ್ಲ?"

"ಅದು ವಿಸಿಟರ್ಸ್ ವಿಮೆ, ಅಪ್ಪಾ. ಅವರ ಲೆಕ್ಕದಲ್ಲಿ ಹಲ್ಲು ದೇಹದ ಭಾಗವಲ್ಲ."

"ನಿಂದು?"

"ವರ್ಷಕ್ಕೆರಡು ಕ್ಲೀನಿಂಗ್ ಪುಕ್ಕಟೆ. ಕ್ಯಾಪಿಗೆ ಅರ್ಧ ನಾವೇ ಕೊಡಬೇಕು."

"ನೋವಿಲ್ಲದಿದ್ದರೆ ವಿಮೆ ಅನ್ನು! ನನ್ನ ಹಲ್ಲಿನ ಕಂದು ಕಲೆ ಬಗ್ಗೆ ಕೇಳಿದ್ರಾ?"

"ಕೋಲಾರದ ಬೋರ್‌ವೆಲ್ ಫ್ಲೋರೈಡ್ ಅಂದೆ. ಇಲ್ಲಿ 1952ರಿಂದ ನಲ್ಲಿ ನೀರಿಗೆ ಅದನ್ನೇ ಬೆರೆಸ್ತಾರೆ. ಈಗ ಲೀಟರಿಗೆ 0.7 ಮಿಲಿಗ್ರಾಂ, ಹುಳುಕು ಹಿಡಿಯದಿರಲಿ ಅಂತ."

"ಮೊದಲೇ ಹೇಳಿದ್ರೆ ಎರಡು ಕ್ಯಾನ್ ತರ್ತಿದ್ದೆನಲ್ಲೋ!"

"ಸದ್ಯಕ್ಕೆ ಲವಂಗ ಕಚ್ಕೊಳ್ಳಿ. ಬೆಂಗಳೂರಿಗೆ ಟಿಕೆಟ್ ನೋಡ್ತೀನಿ."

"ಎರಡು ತೆಗಿ. ನಿಂದೂ ಒಂದು ಹಲ್ಲು ಅಲ್ಲಾಡ್ತಿದೆ."