ಬಿ.ಎ., ಬೆಲ್ಲ ಮತ್ತು ಡಬ್ಬಿ

ನಮ್ಮ ಮನೆಯಲ್ಲಿ ಐದು ಜನ, ಒಂದು ಎಮ್ಮೆ. ಎಲ್ಲರಿಗಿಂತ ಹೆಚ್ಚು ಓದಿದವನು ನಾನು. ಎಲ್ಲರಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಎಮ್ಮೆ.

ಹೈದರಾಬಾದಿನ ಕಾಲೇಜೊಂದರಲ್ಲಿ ಬಿ.ಎ. ಎರಡನೇ ವರ್ಷ ಮುಗಿಸಿ ಬೇಸಿಗೆ ರಜೆಗೆ ತೆಲಂಗಾಣದ ನಮ್ಮೂರು ಧನ್ವಾಡಕ್ಕೆ ಬಂದಿದ್ದೆ. ಇತಿಹಾಸ, ಸಾಹಿತ್ಯ, ಅವುಗಳ ಬಗಲಿಗೆ ಸುಸ್ಥಿರತೆ ಅಧ್ಯಯನ. ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಆಯಿ, ಅಂದರೆ ನಮ್ಮ ಅಜ್ಜಿ, ಕೇಳಿದಳು, "ಏನ್ ಕಲೀಲಿಕ್ಕತ್ತೀಯೋ ಅಲ್ಲಿ?"

"ಸುಸ್ಥಿರತೆ, ಆಯಿ."

"ಸುಸ್ತ ಇರೋದಾ? ಅದಕ್ಕ ಹೈದರಾಬಾದಿಗಿ ಯಾಕ ಹೋಗಬೇಕಿತ್ತು? ಹುಟ್ಟಿದಾಗಿಂದ ಇಲ್ಲೇ ಚಲೋ ಮಾಡ್ತಿದ್ದೆಲ್ಲ."

ಊಟಕ್ಕೆ ಕೂತಾಗ ಬಿಡಿಸಿ ಹೇಳಿದೆ. 1987ರಲ್ಲಿ ಬ್ರುಂಟ್‌ಲ್ಯಾಂಡ್ ಆಯೋಗ ಎಂಬುದೊಂದು ವರದಿ ಕೊಟ್ಟಿತು, ನಮ್ಮ ನಂತರ ಬರುವವರ ಪಾಲಿಗೆ ಕೈಹಾಕದೆ ಇವತ್ತಿನವರು ಬದುಕಬೇಕು ಎಂದಿತು, ಅದೇ ಇದು ಅಂತ. ಆಯಿ ಪುಂಡಿಪಲ್ಯ ಬಡಿಸುತ್ತ ಗಮನವಿಟ್ಟು ಕೇಳಿದಳು. "ಭಾಳ ಖರೇ ಮಾತು. ಹಂಗಾದ್ರ ಆ ಆರನೇ ರೊಟ್ಟಿ ಕೆಳಗಿಡು. ನಿನ್ನ ತಮ್ಮ ಇನ್ನಾ ಉಂಡಿಲ್ಲ."

ಅಪ್ಪನ ಸಂಕಟ ಬೇರೆ. ಓಣಿಯ ಹುಡುಗರೆಲ್ಲ ಬಿ.ಟೆಕ್. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಮಗ ಏನು ಓದುತ್ತಾನೆಂದು ಕೇಳಿದರೆ ಅಪ್ಪ ತೆಲುಗಿಗೆ ತಿರುಗಿ "ಬಿ.ಎ. ಪ್ಲಸ್ ಏದೋ ಉಂದಿ", ಅಂದರೆ ಬಿ.ಎ. ಜೊತೆ ಏನೋ ಇದೆ, ಅಂದುಬಿಡುತ್ತಾನೆ. ನಮ್ಮ ಕಡೆ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಹಾಗಾಗಿ ಮನೆಯ ಮರ್ಯಾದೆ ಕನ್ನಡದಲ್ಲಿ ಉಳಿದು, ಹೋಗುವುದು ತೆಲುಗಿನಲ್ಲಿ. ಪರಿಸರವನ್ನು ಪಾಠ ಮಾಡಿ ಎಂದು ಸುಪ್ರೀಂ ಕೋರ್ಟೇ 1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಹೇಳಿದೆ, ನಡೆಯದ್ದಕ್ಕೆ 2003ರಲ್ಲಿ ಮತ್ತೆ ತಾಕೀತು ಮಾಡಿದೆ ಅಂತ ಅಪ್ಪನಿಗೆ ಹೇಳಿನೋಡಿದೆ. "ಕೋರ್ಟು ನೌಕರಿ ಕೊಡ್ತೈತೇನು?" ಅಂದ. ಆ ತೀರ್ಪಿನಲ್ಲಿ ಅದರ ಬಗ್ಗೆ ಏನೂ ಇಲ್ಲ.

ನನಗೆ ಈ ಹುಚ್ಚು ಹತ್ತಿದ್ದು ಪಸ್ತಾಪುರದಿಂದ. ಜಹೀರಾಬಾದ್ ಹತ್ತಿರದ ಈ ಊರಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಶುರುವಾಯಿತು. ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ನಮ್ಮ ಮೈಸೂರಿನವರು. ಓದಿದ್ದು ಪತ್ರಿಕೋದ್ಯಮ, ದುಡಿದದ್ದು ದೂರದರ್ಶನದಲ್ಲಿ, ಹೆಸರಾದದ್ದು ನವಣೆ, ಸಾಮೆ, ಜೋಳದಿಂದ. ಅಲ್ಲಿನ ದಲಿತ ಹೆಣ್ಣುಮಕ್ಕಳು ಬೀಜ ಕಾಪಾಡಿದರು, ತಾವೇ ಕ್ಯಾಮೆರಾ ಹಿಡಿದರು, 2008ರಲ್ಲಿ ಸ್ವಂತ ರೇಡಿಯೊ ಹಚ್ಚಿದರು, 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ತಂದರು. ಸತೀಶ್ 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರ ಜಾಗ ಖಾಲಿ ಬಿದ್ದಿದೆ, ಮಾತು ಬರುವ ಒಬ್ಬ ಕನ್ನಡದ ಹುಡುಗ ಸಾಕು ಎಂದು ನನಗೇ ಅನ್ನಿಸಿತು. ಅವರು ಶುರು ಮಾಡಿದ್ದು ಹೊಲದಿಂದ. ನಮ್ಮ ಹೊಲದಲ್ಲಿ ಬಿಸಿಲು ಜಾಸ್ತಿ, ನಾನು ಅವ್ವನ ಅಡುಗೆಮನೆಯಿಂದ ಶುರು ಮಾಡಿದೆ.

ಮೊದಲ ವಾರ ಗೊಬ್ಬರದ ಮಡಕೆ. ಸಿಪ್ಪೆ, ಸೊಪ್ಪಿನ ದಂಟು, ಅನ್ನ ಬಸಿದ ಗಂಜಿ ಎಲ್ಲವನ್ನೂ ಅದಕ್ಕೆ ಸುರಿದೆ. ಇಂಗಾಲ ಮೂವತ್ತು ಪಾಲಿದ್ದರೆ ಸಾರಜನಕ ಒಂದು ಪಾಲು ಇರಬೇಕು, ಅದಕ್ಕೆ ಒಣ ಎಲೆ ಧಾರಾಳ ಹಾಕಬೇಕು ಎಂಬುದು ಪರೀಕ್ಷೆಯಲ್ಲಿ ನೆನಪಿತ್ತು, ಮನೆಯಲ್ಲಿ ಮರೆತಿತ್ತು. ನಾಲ್ಕನೇ ದಿನ ಮಡಕೆ ನಾರಿತು, ಐದನೇ ದಿನ ಹರಿದಾಡಿತು. ಆರನೇ ದಿನ ಅವ್ವ ಹಾಲಿನ ಚರಿಗೆ ಹಿಡಿದು ಬಂದು ನನ್ನ ಮುಂದೆ ನಿಂತಳು. ಅರ್ಧ ಲೀಟರು ಕಡಿಮೆ. ನಾನು ಇಂಗಾಲದ ಲೆಕ್ಕದಲ್ಲಿ ಸುರಿದದ್ದೆಲ್ಲ ಇಷ್ಟು ವರ್ಷ ಮುಸುರಿ ಬಾನಿಯ ಮೂಲಕ ಎಮ್ಮೆಗೆ ಹೋಗುತ್ತಿತ್ತು. ನಮ್ಮ ಮನೆಯಲ್ಲಿ ಕಸವೇ ಇರಲಿಲ್ಲ, ನಾನು ತಯಾರಿಸಿದೆ. ಎಮ್ಮೆ ಎರಡು ದಿನ ನನ್ನ ಮುಖ ನೋಡಲಿಲ್ಲ.

ಇನ್ನು ಮಾನವಿಕದ ಪಾಲು. ಮೌಖಿಕ ಇತಿಹಾಸದ ಪ್ರಾಜೆಕ್ಟಿಗೆ ಆಯಿಯ ಕೌದಿಯನ್ನು ಆರಿಸಿಕೊಂಡೆ. ಸವೆದ ನಾರಾಯಣಪೇಟೆ ಸೀರೆಗಳನ್ನು ಪದರ ಪದರ ಹೊಲಿದದ್ದು, ಚೌಕಳಿ, ಅಗಲ ಅಂಚು ಇನ್ನೂ ಕಾಣುತ್ತವೆ. ಫೋನು ಮುಂದಿಟ್ಟು ಕೇಳಿದೆ, "ಆಯಿ, ಹಳೇ ಬಟ್ಟಿಗೆ ಮರುಜೀವ ಕೊಡೋ ಈ ಪರಂಪರೆ ಹಿಂದಿನ ಜೀವನದೃಷ್ಟಿ ಏನು?"

"ಕಂಬಳಿಗಿ ರೊಕ್ಕ ಇರಲಿಲ್ಲ."

ಬೇರೆ ಕೋನದಿಂದ ಕೇಳಿದೆ, ಗ್ಯಾಸ್ ಬಿಟ್ಟು ತೊಗರಿಕಟ್ಟಿಗೆ ಒಲೆಯ ರೊಟ್ಟಿಯ ರುಚಿಯ ಮಾತೆತ್ತಿದೆ. "ನೀ ಊದು, ನಾ ತಿಂತೀನಿ" ಎಂದಳು. ನಮ್ಮ ಪಾಲಮೂರು ಸೀಮೆಯ ಕೂಲಿಗಳು ದೇಶದ ತುಂಬ ಡ್ಯಾಮು ಕಟ್ಟಲು ಹೋದ ಕಾಲದಲ್ಲಿ ಆಯಿಯೂ ಬುಟ್ಟಿ ಹೊತ್ತವಳು. ನಲವತ್ತು ನಿಮಿಷದ ಧ್ವನಿಮುದ್ರಣದಲ್ಲಿ ಮೂವತ್ತು ನಿಮಿಷ ಅವಳು ಹೊಗಳಿದ್ದು ಅಪ್ಪ ರಾಯಚೂರಿನಿಂದ ತಂದ ಪಾಲಿಯೆಸ್ಟರ್ ರಗ್ಗನ್ನು. ಕೌದಿ ಹೊದ್ದು ಮಲಗುವವನು ಈಗ ನಾನೊಬ್ಬನೇ. ಮೇ ತಿಂಗಳಲ್ಲಿ.

ಮೂರನೆಯದು ಜೈವಿಕ ಕಿಣ್ವ. ಬೆಲ್ಲ ಒಂದು ಪಾಲು, ಹಣ್ಣಿನ ಸಿಪ್ಪೆ ಮೂರು, ನೀರು ಹತ್ತು. ತೊಂಬತ್ತು ದಿನ ಹುಳಿ ಬರಿಸಿದರೆ ಬಚ್ಚಲು ತಿಕ್ಕುವ ದ್ರಾವಣ ಸಿದ್ಧ. ಮೋಸಂಬಿ ಸಿಪ್ಪೆ ನಾರಾಯಣಪೇಟೆಯ ಜ್ಯೂಸಿನ ಬಂಡಿಯವ ಪುಕ್ಕಟೆ ಕೊಟ್ಟ. ಬೆಲ್ಲ ಅವ್ವ ಹೋಳಿಗೆಗೆ ಎತ್ತಿಟ್ಟದ್ದು, ಅದೂ ಪುಕ್ಕಟೆಯೇ, ಕೇಳದೆ ತೆಗೆದದ್ದರಿಂದ. ಐದು ಲೀಟರಿನ ಎಣ್ಣೆ ಡಬ್ಬಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಅಡುಗೆಕಟ್ಟೆಯ ಕೆಳಗಿಟ್ಟೆ. ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ಗೆಳೆಯನ ಅಕ್ಕನ ಮದುವೆಗೆಂದು ಎರಡು ದಿನ ಮಕ್ತಲ್‌ಗೆ ಹೋದೆ. ಬಂದವನು ಉಂಡು ಮಲಗಿದೆ.

ರಾತ್ರಿ ಎರಡಕ್ಕೆ ಢಮ್ ಎಂದಿತು. ಅಪ್ಪ "ಸಿಲಿಂಡರ್!" ಎಂದು ಕೂಗಿ ಹೊರಗೋಡಿದ. ಅವ್ವ ತಮ್ಮನನ್ನು ಎಳೆದುಕೊಂಡಳು, ಆಯಿ ಎಲೆಅಡಿಕೆ ಸಂಚಿ ಎತ್ತಿಕೊಂಡಳು. ನನ್ನನ್ನು ಯಾರೂ ಎತ್ತಿಕೊಳ್ಳಲಿಲ್ಲ ಎಂಬುದನ್ನು ಇತಿಹಾಸದ ವಿದ್ಯಾರ್ಥಿಯಾಗಿ ದಾಖಲಿಸುತ್ತೇನೆ. ದೀಪ ಹಾಕಿದರೆ ಮೇಲ್ಛಾವಣಿಗೆ ಮೋಸಂಬಿ ಸಿಪ್ಪೆ, ದೇವರ ಕ್ಯಾಲೆಂಡರಿಗೆ ಬೆಲ್ಲದ ನೀರು, ಮನೆ ತುಂಬ ಹುಳಿ ವಾಸನೆ.

ತೆಲಂಗಾಣದ ಹಳ್ಳಿಯಲ್ಲಿ ನಡುರಾತ್ರಿ ಹುಳಿತ ಬೆಲ್ಲ ನಾರಿದರೆ ಅದಕ್ಕಿರುವ ಅರ್ಥ ಒಂದೇ. ಗುಡುಂಬ, ಅಂದರೆ ಕಳ್ಳಭಟ್ಟಿ. ಓಣಿ ಎದ್ದು ಬಂತು. ನಾನು ಕಿಣ್ವ ಎಂದೆ, ಸೂಕ್ಷ್ಮಜೀವಿ ಎಂದೆ, ರಾಸಾಯನಿಕ ಇಲ್ಲದ ಸ್ವಚ್ಛತೆ ಎಂದೆ. ಎಲ್ಲರೂ ಕನಿಕರದಿಂದ ತಲೆಯಾಡಿಸಿದರು. ಇಂಥದರಲ್ಲಿ ಸಿಕ್ಕಿಬಿದ್ದ ಪ್ರತಿಯೊಬ್ಬನೂ ಇದಕ್ಕಿಂತ ಚೆನ್ನಾಗಿ ಸುಳ್ಳು ಹೇಳುತ್ತಾನಂತೆ. ಬೆಳಿಗ್ಗೆ ಆರಕ್ಕೆ ಹಿಂದಿನ ಮನೆಯ ಕಾಕಾ ಸ್ಟೀಲಿನ ಗ್ಲಾಸು ಟವೆಲಿನಲ್ಲಿ ಮುಚ್ಚಿಕೊಂಡು ಬಂದು ಪಿಸುಗುಟ್ಟಿದರು, "ತಮ್ಮಾ, ಡಬ್ಬಿ ತಳದಾಗ ಏನಾರ ಉಳದದೇನು?"

ಅಪ್ಪನಿಗೆ ಮಾತ್ರ ಅವತ್ತಿನಿಂದ ಸ್ವಲ್ಪ ಸಮಾಧಾನ. ಬಿ.ಎ.ಯಿಂದ ಏನಾದರೂ ಉತ್ಪಾದನೆ ಸಾಧ್ಯವೆಂದು ಊರು ನಂಬಿದ್ದು ಅದೇ ಮೊದಲು.

ತಳದಲ್ಲಿ ಅರ್ಧ ಲೀಟರು ಉಳಿದಿತ್ತು. ದಿನ ತುಂಬದ್ದಾದರೂ ಅವ್ವ ಅದರಲ್ಲಿ ಬಚ್ಚಲು ತಿಕ್ಕಿದಳು. ಬೆಳ್ಳಗಾಯಿತೇ ಎಂದು ಕೇಳಿದರೆ ಇವತ್ತಿಗೂ ಬಾಯಿ ಬಿಡುವುದಿಲ್ಲ. ಈಚೆಗೆ ಮೋಸಂಬಿ ಸಿಪ್ಪೆಯನ್ನು ಎಮ್ಮೆಗೆ ಹಾಕುವ ಮೊದಲು ಒಂದು ಹಿಡಿ ತೆಗೆದಿಡುತ್ತಾಳೆಂದು ತಮ್ಮ ಫೋನಿನಲ್ಲಿ ಹೇಳಿದ.

ನೀವೂ ಕಿಣ್ವ ಮಾಡುವವರಿದ್ದರೆ ಮೊದಲ ತಿಂಗಳು ಮುಚ್ಚಳವನ್ನು ದಿನಾ ಸಡಿಲಿಸಿ. ಬೆಲ್ಲ ನಿಮ್ಮ ದುಡ್ಡಿನದೇ ಇರಲಿ.