ಇಪ್ಪತ್ತು ನಿಮಿಷದ ಗುರುಕುಲ

ಹಿಂದೆಲ್ಲ ಒಂದು ವಿದ್ಯೆ ಕೈಗೆ ಹತ್ತಬೇಕಾದರೆ ಹನ್ನೆರಡು ವರ್ಷ ಗುರುವಿನ ಮನೆಯಲ್ಲಿ ಸೌದೆ ಒಡೆಯಬೇಕಿತ್ತಂತೆ. ನಮ್ಮ ಅಕ್ಕನ ಮಗ ಪ್ರಾಣ ಉಳಿಸಿಕೊಳ್ಳುವ ವಿದ್ಯೆಯನ್ನು ಇಪ್ಪತ್ತೇ ನಿಮಿಷದಲ್ಲಿ ಪೂರ್ತಿ ಕಲಿತ. ಅದೂ ಎ.ಸಿ. ರೂಮಿನಲ್ಲಿ, ಎರಡು ಬಿಸ್ಕತ್ತು ಮತ್ತು ಒಂದು ಪೇಪರ್ ಕಪ್ ಟೀ ಸಮೇತ. 2023ರ ಜೂನಿನ ಮಾತಿದು. ಹುಡುಗನಿಗೆ ಹದಿನಾರು. ಎಸ್ಸೆಸ್ಸೆಲ್ಸಿಯಲ್ಲಿ ಅವನು ಫಸ್ಟ್ ಕ್ಲಾಸು, ಪಿಯುಸಿ ಫೀಸಿನಲ್ಲಿ ಮನೆಯವರು ಫೇಲು. ಹೀಗಾಗಿ ಪೀಣ್ಯದ ಒಂದು ಪ್ರೆಸ್ ಶಾಪಿಗೆ ತಿಂಗಳಿಗೆ ಹತ್ತು ಸಾವಿರಕ್ಕೆ ಅಪ್ರೆಂಟಿಸ್ ಆಗಿ ಸೇರಿದ. ಪೋಷಕರ ಸಹಿ ಬೇಕೆಂದಿದ್ದರಿಂದ ಸೋದರಮಾವನಾದ ನಾನೂ ಹೋಗಿದ್ದೆ. ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ಆ ಗುರುಕುಲವನ್ನು ಕಣ್ಣಾರೆ ಕಂಡ ಪುಣ್ಯ ನನ್ನದು.

ಈ ದೇಶದಲ್ಲಿ ಎಳೆಯರನ್ನು ಕೆಲಸಕ್ಕೆ ಕಳಿಸುವಾಗ ಯಾರೂ ಯೋಚನೆ ಮಾಡುವುದಿಲ್ಲ ಎಂದು ಗೊಣಗುವವರಿದ್ದಾರೆ. ಅವರು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯನ್ನು ಓದಿಲ್ಲ. ಹದಿನಾಲ್ಕು ತುಂಬದವರು ಕಾರ್ಖಾನೆಯೊಳಗೆ ಕಾಲಿಡುವ ಹಾಗಿರಲಿಲ್ಲ. ಹದಿನೆಂಟು ತುಂಬುವವರೆಗೆ ಡಾಕ್ಟರ ಫಿಟ್‌ನೆಸ್ ಸರ್ಟಿಫಿಕೇಟು ಬೇಕಿತ್ತು, ಅದೂ ಹನ್ನೆರಡೇ ತಿಂಗಳಿಗೆ ಹಳಸುತ್ತಿತ್ತು. ಹಾಲಿನ ಪ್ಯಾಕೆಟ್ಟಿಗಿರುವಂತೆ ಹುಡುಗನಿಗೂ ಒಂದು ತಾರೀಕು. ಇನ್ನು ಅಪಾಯಕಾರಿ ಎಂದು ಗುರುತಿಸಿದ ಯಂತ್ರದ ಮುಂದೆ ಹದಿಹರೆಯದವರನ್ನು ನಿಲ್ಲಿಸಬೇಕಾದರೆ 23ನೇ ಸೆಕ್ಷನ್ ಇತ್ತು. ಅದರ ಪ್ರಕಾರ ಆ ಯಂತ್ರದ ಅಪಾಯಗಳನ್ನೂ ಎಚ್ಚರಿಕೆಗಳನ್ನೂ ಪೂರ್ತಿ ತಿಳಿಸಿರಬೇಕಿತ್ತು, ಜೊತೆಗೆ ಸಾಕಷ್ಟು ತರಬೇತಿ ಆಗಿರಬೇಕಿತ್ತು, ಇಲ್ಲವೇ ಬಲ್ಲವರು ಪಕ್ಕದಲ್ಲಿ ನಿಂತು ನೋಡಿಕೊಳ್ಳಬೇಕಿತ್ತು. ಭೋಪಾಲದ ದುರಂತವಾಗಿ ಮೂರು ವರ್ಷ ತುಂಬುವ ಹೊತ್ತಿಗೆ, 1987ರಲ್ಲಿ, ಸುರಕ್ಷತೆಯ ತರಬೇತಿ ಪಡೆಯುವುದು ಕೆಲಸಗಾರನ ಹಕ್ಕು ಎಂದೂ ಸೇರಿಸಿದರು. ಕಾರ್ಖಾನೆಯೊಳಗೇ ತರಬೇತಿ, ‘ಸಾಧ್ಯವಾದ ಕಡೆ’.

‘ಸಾಕಷ್ಟು’ ಎಂದರೆ ಎಷ್ಟು ಎಂದು ಕಾಯ್ದೆ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಪದವನ್ನು ಬಿಡಿಸಿದರೆ ‘ಸಾಕು, ಅಷ್ಟು’. ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಹತ್ತೂ ಇಪ್ಪತ್ತಕ್ಕೆ ಎಚ್.ಆರ್. ಸಾಹೇಬರು ವಾಚು ನೋಡಿಕೊಂಡು ಅಂದದ್ದೂ ಅದನ್ನೇ: “ಸಾಕು, ಅಷ್ಟೇ.”

ಸಾಹೇಬರ ಬಗ್ಗೆ ಒಂದು ಮಾತು ಹೇಳಲೇಬೇಕು. ಆಗ ಸಾಮಾನ್ಯವಾಗಿ ಸಾವಿರ ಜನ ಕೆಲಸಗಾರರಿರುವ ಕಾರ್ಖಾನೆಗೆ ಮಾತ್ರ ಸೇಫ್ಟಿ ಆಫೀಸರ್ ಕಡ್ಡಾಯವಾಗಿತ್ತು. ಇಲ್ಲಿದ್ದವರು ಅರವತ್ತು. ಆದ್ದರಿಂದ ಹಾಜರಿ, ಗೇಟ್ ಪಾಸು, ಕ್ಯಾಂಟೀನಿನ ಚಿತ್ರಾನ್ನದ ಲೆಕ್ಕ ಇವುಗಳ ಜೊತೆಗೆ ಹುಡುಗರ ಜೀವವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಅಷ್ಟು ಹೊರೆಯ ನಡುವೆಯೂ ಒಂದು ವಿಡಿಯೋ ಹುಡುಕಿಟ್ಟಿದ್ದರು. ಸಮುದ್ರದ ನಡುವಿನ ತೈಲಬಾವಿಯ ವಿಡಿಯೋ, ಇಂಗ್ಲಿಷಿನಲ್ಲಿ. ಕಿತ್ತಳೆ ಅಂಗಿಯ ಬಿಳಿಯರು ಸೈರನ್ ಆದೊಡನೆ ಓಡಿ, ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದರಿಂದ ಲೈಫ್ ಜಾಕೆಟ್ ಅವುಚಿಕೊಂಡು ನೀರಿಗೆ ಧುಮುಕುತ್ತಿದ್ದರು. ಹುಡುಗರು ಬಾಯಿ ತೆರೆದು ನೋಡಿದರು. ಅವತ್ತು ರಾತ್ರಿ ನಮ್ಮಕ್ಕ ಮುದ್ದೆ ಬಡಿಸುತ್ತಾ “ಏನ್ ಹೇಳಿಕೊಟ್ರೋ?” ಎಂದರೆ, ಅಳಿಯ ಎದ್ದು ನಿಂತು ಮೂಗು ಹಿಡಿದು ತೋರಿಸಿದ. “ಹಿಂಗೆ ಹಾರಬೇಕಮ್ಮ, ಇಲ್ಲಾಂದ್ರೆ ಮೂಗಲ್ಲಿ ನೀರು ನುಗ್ಗುತ್ತೆ.” ಅಕ್ಕನಿಗೆ ಬಹಳ ಸಮಾಧಾನವಾಯಿತು. ಪೀಣ್ಯಕ್ಕೆ ಸಮುದ್ರ ಬಂದ ದಿನ ನಮ್ಮ ಹುಡುಗ ಉಳಿದುಕೊಳ್ಳುವುದರಲ್ಲಿ ನನಗೂ ಸಂಶಯವಿಲ್ಲ.

ಆಮೇಲೆ ಫಾರಂ. ಇದೇ ತರಬೇತಿಯ ಹೃದಯಭಾಗ. ಅಚ್ಚುಕಟ್ಟಾದ ಇಪ್ಪತ್ತೆರಡು ಸಾಲು, ಪ್ರತಿ ಸಾಲಿನ ಮುಂದೆ ಒಂದು ಚೌಕ, ಪ್ರತಿ ಚೌಕದಲ್ಲೂ ಮೊದಲೇ ಅಚ್ಚಾದ ಟಿಕ್ಕು. ತಿಳಿಯಿತೋ ಇಲ್ಲವೋ ಎಂಬ ಗೊಂದಲಕ್ಕೆ ಹುಡುಗರು ಬೀಳಬಾರದಲ್ಲ. ಅವನದು ಕನ್ನಡ ಮೀಡಿಯಂ, ಫಾರಂ ಇಂಗ್ಲಿಷಿನದು. “ಮಾವ, ಇದೇನು?” ಎಂದು ಒಂಬತ್ತನೇ ಸಾಲಿನ ಮೇಲೆ ಬೆರಳಿಟ್ಟ. ‘ಪ್ರೆಸ್ಸನ್ನು ಎರಡೂ ಕೈಯಿಂದಲೇ ನಡೆಸುತ್ತೇನೆ, ಗಾರ್ಡ್ ತೆಗೆಯುವುದಿಲ್ಲ’ ಎಂದು ಓದಿ ಹೇಳಿದೆ. ತಲೆ ಆಡಿಸಿ ಸಹಿ ಹಾಕಿದ. ಆ ಸಹಿಯನ್ನು ನೀವು ನೋಡಬೇಕಿತ್ತು. ಹತ್ತನೇ ಕ್ಲಾಸಿನ ನೋಟ್‌ಬುಕ್ಕುಗಳ ಹಿಂದಿನ ಹಾಳೆಗಳಲ್ಲೆಲ್ಲ ಅಭ್ಯಾಸ ಮಾಡಿ ಪಳಗಿಸಿದ್ದು. ಕೊನೆಯ ಅಕ್ಷರದಿಂದ ಒಂದು ಬಾಲ ಹಿಂದಕ್ಕೆ ಓಡಿ, ಅಡಿಗೆರೆಯಾಗಿ, ಎರಡು ಚುಕ್ಕಿಯಲ್ಲಿ ನಿಲ್ಲುತ್ತಿತ್ತು. ನಮ್ಮಜ್ಜ ಹೆಬ್ಬೆಟ್ಟು. ಅಪ್ಪ ತನ್ನ ಹೆಸರನ್ನು ಇರುವೆ ಸಾಲಿನಂತೆ ಬರೆಯುತ್ತಿದ್ದ. ಈ ಬಾಲ, ಈ ಚುಕ್ಕಿ ಬರಲು ಮೂರು ತಲೆಮಾರು ಹಿಡಿಯಿತು.

ಹೆಲ್ಮೆಟ್ಟು ಕೊಟ್ಟರು. ಕೂತು ಕೆಲಸ ಮಾಡುವ ಪ್ರೆಸ್ಸಿನಲ್ಲಿ ತಲೆಗೆ ಏನಾಗುತ್ತದೋ ಗೊತ್ತಿಲ್ಲ, ಹಳದಿ ಬಣ್ಣ ಅವನಿಗೆ ಚೆನ್ನಾಗಿ ಒಪ್ಪಿತು. ಸೇಫ್ಟಿ ಶೂ ಒಂಬತ್ತನೇ ಸೈಜಿನದು ಮಾತ್ರ ಇತ್ತು, ಅವನ ಕಾಲು ಆರು. “ಬೆಳೀತಾನೆ ಬಿಡಿ” ಎಂದರು ಸಾಹೇಬರು. ಸ್ಕೂಲ್ ಯೂನಿಫಾರಂ ಹೊಲಿಸುವಾಗ ನಮ್ಮಕ್ಕನೂ ಇದೇ ಮಾತು ಹೇಳುತ್ತಿದ್ದಳು.

ಸಿದ್ಧಾಂತ ಮುಗಿದ ಮೇಲೆ ಪ್ರಯೋಗ. ಪವರ್ ಪ್ರೆಸ್ ಎಂದರೆ ಕೆಳಗೆ ಡೈ, ಮೇಲೆ ಪಂಚು, ನಡುವೆ ತಗಡಿನ ಪಟ್ಟಿ. ಪಂಚು ಇಳಿದರೆ ತಗಡು ವಾಷರ್ರೋ ಬ್ರಾಕೆಟ್ಟೋ ಆಗಿ ಉದುರುತ್ತದೆ. ಇಳಿಸಲು ಎರಡು ಹಸಿರು ಬಟನ್, ಒಂದೊಂದು ಕೈಗೆ ಒಂದೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಯಂತ್ರ ನಡೆಯುತ್ತದೆ. ಒತ್ತುವ ಹೊತ್ತಿಗೆ ಎರಡೂ ಕೈ ಹೊರಗೇ ಇರಬೇಕಾದ್ದರಿಂದ ಡೈನೊಳಗೆ ಬೆರಳಿರುವ ಪ್ರಶ್ನೆಯೇ ಇಲ್ಲ. ಇದನ್ನು ಕಂಡುಹಿಡಿದವನು ಮಹಾ ಬುದ್ಧಿವಂತ, ಆದರೆ ಅವನಿಗೆ ಟಾರ್ಗೆಟ್ ಇರಲಿಲ್ಲ. ಸೂಪರ್‌ವೈಸರ್ ಎಡಗಡೆಯ ಬಟನ್ನಿನ ಮೇಲೆ ಐದು ರೂಪಾಯಿ ನಾಣ್ಯ ಇಟ್ಟು ಕಪ್ಪು ಇನ್ಸುಲೇಷನ್ ಟೇಪನ್ನು ನಾಲ್ಕು ಸುತ್ತು ಬಿಗಿದಿದ್ದ. ಈಗ ಅದು ಸದಾ ಒತ್ತಿಕೊಂಡೇ ಇರುತ್ತದೆ. ಎಡಗೈ ಪಟ್ಟಿ ತಳ್ಳಬಹುದು, ಅಂಟಿಕೊಂಡ ಪೀಸನ್ನು ತೆಗೆಯಬಹುದು, ಬಲಗೈ ಒಂದೇ ಒತ್ತಿಕೊಂಡು ಹೋಗಬಹುದು.

“ಎರಡು ಕೈಲಿ ಒತ್ತುತಾ ಕೂತ್ರೆ ಸಾಯಂಕಾಲಕ್ಕೆ ನಾಲ್ಕು ಸಾವಿರ ಪೀಸ್ ಎಲ್ಲಿಂದ ಬರುತ್ತೋ?” ಎಂದು ಅವನು ಕೇಳಿದನಂತೆ. ಹುಡುಗ ಲೆಕ್ಕದಲ್ಲಿ ಚುರುಕು, ಬೇಗ ಅರ್ಥವಾಯಿತು. ಎಷ್ಟಾದರೂ ಐದು ರೂಪಾಯಿಯ ಬಂಡವಾಳ. ತರಬೇತಿಯ ಎರಡು ಬಿಸ್ಕತ್ತಿಗೂ ಅಷ್ಟೇ ಖರ್ಚಾಗಿದ್ದಿರಬೇಕು.

ಅಕ್ಟೋಬರಿನಲ್ಲಿ ಆಯುಧಪೂಜೆಯ ದಿನ ಎರಡನೇ ಸುತ್ತಿನ ಸುರಕ್ಷತಾ ಕಾರ್ಯಕ್ರಮ. ಪ್ರೆಸ್ಸುಗಳಿಗೆಲ್ಲ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಹಾರ ಹಾಕಲು ಆ ಟೇಪು ಸುತ್ತಿದ ಬಟನ್ನು ಒಳ್ಳೆ ಗೂಟದಂತೆ ಒದಗಿ ಬಂತು. ಯಜಮಾನರು ಬೂದುಗುಂಬಳಕ್ಕೆ ಕುಂಕುಮ ತುಂಬಿ, ಯಂತ್ರಗಳಿಗೆ ನಿವಾಳಿಸಿ, ಬಾಗಿಲಲ್ಲಿ ಒಡೆದರು. ನೆಲದ ತುಂಬ ಕೆಂಪು. ಯಂತ್ರಕ್ಕೆ ಬೇಕಾದದ್ದು ಸಂದಾಯವಾಯಿತು ಎಂದು ಎಲ್ಲರೂ ಕೈಮುಗಿದರು. ಹುಡುಗ ಒಂದು ಚೀಲ ಕಡ್ಲೆಪುರಿ, ಒಂದು ಡಬ್ಬ ಸ್ವೀಟು ಹಿಡಿದು ಮನೆಗೆ ಬಂದ. ಇಪ್ಪತ್ತು ನಿಮಿಷದ ತರಬೇತಿಗಿಂತ ಇದಕ್ಕೇ ಹೆಚ್ಚು ಹೊತ್ತು ಹಿಡಿದಿತ್ತು, ಹೆಚ್ಚು ಶ್ರದ್ಧೆಯೂ ಇತ್ತು.

2024ರ ಮಾರ್ಚ್ 1, ಶುಕ್ರವಾರ. ಹಳೇ ಪ್ರೆಸ್ಸುಗಳಲ್ಲಿ ಕ್ಲಚ್ಚಿನ ಕೀ ಸವೆದರೆ ಒಮ್ಮೆ ಒತ್ತಿದ್ದಕ್ಕೆ ಎರಡು ಸಲ ಪಂಚು ಇಳಿಯುವುದುಂಟು. ಅಲ್ಲಿಯವರು ಅದಕ್ಕೆ ‘ಡಬಲ್ ಹೊಡೀತು’ ಅನ್ನುತ್ತಾರೆ. ಇಪ್ಪತ್ತೆರಡು ಸಾಲಿನಲ್ಲಿ ಈ ಸಾಲು ಇರಲಿಲ್ಲ. ತೈಲಬಾವಿಯಲ್ಲಿ ಪ್ರೆಸ್ಸಿರುವುದಿಲ್ಲವಲ್ಲ. ಅಂಟಿಕೊಂಡ ಪೀಸನ್ನು ತೆಗೆಯಲು ಎಡಗೈಗೆ ಎಟುಕದೆ ಬಲಗೈ ಹಾಕಿದ್ದ. ಡಬಲ್ ಹೊಡೀತು. ಬಲಗೈ ತೋರುಬೆರಳಿನ ಮೊದಲ ಗೆಣ್ಣು, ಒಂಬತ್ತನೇ ಸಾಲನ್ನು ತೋರಿಸಿ ನನ್ನನ್ನು ಕೇಳಿದ್ದ ಅದೇ ಬೆರಳಿನದು, ಹೋಯಿತು.

ಇಲ್ಲಿ ನಮ್ಮ ಕಾನೂನಿನ ದೂರದೃಷ್ಟಿಯನ್ನು ಹೊಗಳದಿದ್ದರೆ ನಾಲಗೆ ಬಿದ್ದುಹೋದೀತು. ಅಪ್ರೆಂಟಿಸ್ ಎಂದರೆ ಕಲಿಯುವವನು, ಕೆಲಸಗಾರನಲ್ಲ ಎಂದು 1961ರ ಅಪ್ರೆಂಟಿಸ್ ಕಾಯ್ದೆ ಹೇಳಿದೆ. ಹಾಗಾಗಿ ಇ.ಎಸ್.ಐ. ಕಾರ್ಡಿನ ಗೋಜಲಿಲ್ಲ. ಪ್ರೆಸ್ಸಿಗೆ ಓದು ಬಾರದ ಕಾರಣ ಈ ವ್ಯತ್ಯಾಸ ಅದಕ್ಕೆ ಇನ್ನೂ ತಿಳಿದಿಲ್ಲ, ಅಷ್ಟೆ. ಗಾಯಕ್ಕೆ ಆಗ 1923ರ ಪರಿಹಾರ ಕಾಯ್ದೆ ಇತ್ತು, ಅದರ ಕೊನೆಯಲ್ಲಿ ಒಂದು ದರಪಟ್ಟಿಯೂ ಇತ್ತು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡಾ 30 ನಷ್ಟ. ಪೂರ್ತಿ ತೋರುಬೆರಳಿಗೆ 14, ನಡುಬೆರಳಿಗೆ 12. ಉಂಗುರಬೆರಳಿಗೂ ಕಿರುಬೆರಳಿಗೂ ಒಂದೇ ಸಮ 7, ಉಂಗುರ ಇದೆ ಎಂಬ ಪಕ್ಷಪಾತ ಇರಲಿಲ್ಲ. ಮೂಳೆಗೆ ತಾಗದೆ ಕಿರುಬೆರಳಿನ ತುದಿ ಮಾತ್ರ ಹಾರಿದರೆ 2. ನಮ್ಮ ಹುಡುಗನ ಒಂದು ಗೆಣ್ಣಿಗೆ 9. ಸಂಬಳದ ಶೇಕಡಾ 60ನ್ನು ವಯಸ್ಸಿನ ಗುಣಕದಿಂದ ಗುಣಿಸಿ, ಅದರಲ್ಲಿ ಈ ಶೇಕಡಾ ತೆಗೆಯಬೇಕಿತ್ತು. ಹದಿನಾರರ ಗುಣಕ 228.54. ಅರವತ್ತೈದಾದವನದು 99.37. ಸಂತೆಯಲ್ಲಿ ಬೆಂಡೆಕಾಯಿ ಕೊಳ್ಳುವವರು ತುದಿ ಮುರಿದು ನೋಡುವುದಿಲ್ಲವೆ? ಪಟ್ಟನೆ ಮುರಿದರೆ ಎಳೆಯದು, ಬೆಲೆ ಜಾಸ್ತಿ. ಕಾನೂನಿಗೂ ಅದು ಗೊತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹುಡುಗನೇ ಬಾಯಲ್ಲಿ ಲೆಕ್ಕ ಹಾಕಿದ. ಗಣಿತದಲ್ಲಿ ಅವನಿಗೆ ನೂರಕ್ಕೆ ಎಂಬತ್ತೊಂದು ಬಂದಿತ್ತು. “ಒಂದು ಲಕ್ಷದ ಇಪ್ಪತ್ಮೂರು ಸಾವಿರದ ನಾನೂರ ಹನ್ನೊಂದು ರೂಪಾಯಿ ಅರವತ್ತು ಪೈಸೆ, ಮಾವ.” ನಾನು ಫೋನಿನಲ್ಲಿ ತಾಳೆ ನೋಡಿದೆ. ಪೈಸೆಯೂ ತಪ್ಪಿರಲಿಲ್ಲ. ಶೇಕಡಾವಾರು ಲೆಕ್ಕ ಬದುಕಿನಲ್ಲಿ ಯಾವ ಕೆಲಸಕ್ಕೆ ಬರುತ್ತದೆ ಎಂದು ಮೇಷ್ಟರನ್ನು ಕೇಳುವ ಮಕ್ಕಳಿಗೆ ಇದನ್ನು ತೋರಿಸಬೇಕು.

ಮರುದಿನ ಶನಿವಾರ ಬೆಳಿಗ್ಗೆ ಎಂಟಕ್ಕೆ ಕಂಪನಿಯ ಕಾರೇ ಮನೆ ಬಾಗಿಲಿಗೆ ಬಂತು. ಬೀದಿಯವರೆಲ್ಲ ಹೊರಬಂದು ನೋಡಿದರು. “ಮನೇಲಿ ಒಬ್ಬನೇ ಕೂತು ಬೇಜಾರಾಗೋದು ಬೇಡ, ಆಫೀಸಲ್ಲಿ ಫ್ಯಾನ್ ಕೆಳಗೆ ಕೂತಿರಲಿ, ಹಾಜರಿ ಬೀಳುತ್ತೆ” ಎಂದರು ಸಾಹೇಬರು. ಗಾಯವಾಗಿ 48 ಗಂಟೆ ಕೆಲಸಕ್ಕೆ ಬರಲಾಗದೆ ಹೋದರೆ ಕಾರ್ಖಾನೆ ಇಲಾಖೆಗೆ ವರದಿ ಕಳಿಸಬೇಕು. ಬಂದು ಕೂತರೆ ಸರ್ಕಾರಕ್ಕೆ ಒಂದು ಕಾಗದದ ತೊಂದರೆ ತಪ್ಪುತ್ತದೆ. ಗೇಟಿನ ಒಳಗೆ ‘ಅಪಘಾತರಹಿತ ದಿನಗಳು’ ಎಂಬ ಹಸಿರು ಬೋರ್ಡಿದೆ. ಶುಕ್ರವಾರ ಅದರಲ್ಲಿ 641 ಎಂದಿತ್ತು. ಹುಡುಗ ಒಳಗೆ ಹೋಗುವಾಗ ಸೆಕ್ಯುರಿಟಿಯವನು ಸ್ಟೂಲು ಹತ್ತಿ ಒದ್ದೆ ಬಟ್ಟೆಯಲ್ಲಿ ಒಂದನ್ನು ಒರೆಸಿ ಎರಡು ಬರೆಯುತ್ತಿದ್ದ.

ಸೋಮವಾರ ಮಾರ್ಚ್ 4. ರಾಷ್ಟ್ರೀಯ ಸುರಕ್ಷತಾ ಮಂಡಳಿ 1966ರಲ್ಲಿ ಹುಟ್ಟಿದ ದಿನ, ಅದಕ್ಕಾಗಿ ದೇಶದ ತುಂಬ ಸುರಕ್ಷತಾ ದಿನ. ಬ್ಯಾನರು ಕಟ್ಟಿದ್ದರು, ಎಲ್ಲರ ಜೇಬಿಗೂ ಬ್ಯಾಡ್ಜು. ಸ್ಲೋಗನ್ ಸ್ಪರ್ಧೆಯಲ್ಲಿ ಪ್ಯಾಕಿಂಗ್ ಸೆಕ್ಷನ್ನಿನ ಹೆಂಗಸೊಬ್ಬರಿಗೆ ಸ್ಟೀಲ್ ಡಬ್ಬಿ ಬಂತು. ಪ್ರತಿಜ್ಞೆಗೆ ಎಲ್ಲರೂ ಬಲಗೈ ಮುಂದೆ ಚಾಚಬೇಕು. ನಮ್ಮ ಹುಡುಗನೂ ಚಾಚಿದ, ಬಿಳೀ ಬ್ಯಾಂಡೇಜು ಎಲ್ಲರಿಗಿಂತ ಎದ್ದು ಕಾಣುತ್ತಿತ್ತು. ಫೋಟೋ ತೆಗೆಯುವವನು ಹಿಂಜರಿದಾಗ ಸಾಹೇಬರು ಬಂದು ಮೆಲ್ಲಗೆ, “ನೀನು ಎಡಗೈ ಇಡಪ್ಪ, ನಡೆಯುತ್ತೆ. ಸ್ವಲ್ಪ ಹಿಂದೆ ನಿಂತ್ಕೊ” ಎಂದರಂತೆ. ಆ ಫೋಟೋ ನಮ್ಮ ಮನೆಯಲ್ಲಿದೆ. ಹಿಂದಿನ ಸಾಲಿನಲ್ಲಿ ಅವನ ಹಳದಿ ಹೆಲ್ಮೆಟ್ಟಿನ ನೆತ್ತಿ ಕಾಣುತ್ತದೆ.

ಲಾಡು ಹಂಚಿದ ಮೇಲೆ ಅಕ್ಕನನ್ನೂ ನನ್ನನ್ನೂ ಕರೆಸಿದರು. ಮೇಜಿನ ಮೇಲೆ ಜೂನಿನ ಆ ಫಾರಂ, ಪಕ್ಕದಲ್ಲಿ ಹೊಸದೊಂದು ಕಾಗದ. ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆದೇಶವನ್ನು ನೌಕರ ಬೇಕೆಂದೇ ಮೀರಿದ್ದರೆ, ಅಥವಾ ಗಾರ್ಡನ್ನು ಬೇಕೆಂದೇ ತೆಗೆದಿದ್ದರೆ, ಸಾವೋ ಪೂರ್ಣ ಶಾಶ್ವತ ಅಂಗವೈಕಲ್ಯವೋ ಆಗದ ಹೊರತು ಯಜಮಾನ ಪರಿಹಾರ ಕೊಡಬೇಕಾಗಿಲ್ಲ ಎಂದು ಅದೇ 1923ರ ಕಾಯ್ದೆ ಹೇಳುತ್ತಿತ್ತಂತೆ. ಸಾಹೇಬರು ಬೇಸರವಿಲ್ಲದೆ ವಿವರಿಸಿದರು. ಆದೇಶ ಕೊಟ್ಟದ್ದಕ್ಕೆ ಸಾಕ್ಷಿ ಒಂಬತ್ತನೇ ಸಾಲು, ತಿಳಿದುಕೊಂಡದ್ದಕ್ಕೆ ಸಾಕ್ಷಿ ಕೆಳಗಿನ ಬಾಲ ಮತ್ತು ಎರಡು ಚುಕ್ಕಿ. ಏನೂ ಹೇಳಿಕೊಡದ ಹುಡುಗನ ಬೆರಳು ಹೋಗಿದ್ದರೆ ತಪ್ಪು ಯಜಮಾನರ ತಲೆಗೆ ಬರುತ್ತಿತ್ತು. ನಮ್ಮ ಹುಡುಗ ತರಬೇತಿ ಆದವನು. ಆ ಇಪ್ಪತ್ತು ನಿಮಿಷದ ಬೆಲೆ ನನಗೆ ಆಗ ತಿಳಿಯಿತು. “ಆದ್ರೂ ಮಾನವೀಯತೆಯಿಂದ ಹತ್ತು ಸಾವಿರ ಕೊಡ್ತಾ ಇದೀವಿ” ಎಂದರು. ನಾಣ್ಯ, ಟೇಪಿನ ಮಾತು ನಾನೆತ್ತಿದೆ. ಸೂಪರ್‌ವೈಸರ್ ಹೋಗಿ ನೋಡಿ ಬಂದು, ಬಟನ್ನಿನ ಮೇಲೆ ಅಂಥದ್ದೇನೂ ಇಲ್ಲ ಎಂದ. ನಿಜ, ನಾನೂ ಹೋಗಿ ನೋಡಿದೆ. ಹಸಿರು ಬಟನ್ನಿನ ಸುತ್ತ ಟೇಪಿನ ಅಂಟು ಮಾತ್ರ ಉಳಿದಿತ್ತು.

‘ನನ್ನ ಸ್ವಂತ ನಿರ್ಲಕ್ಷ್ಯದಿಂದ’ ಎಂದು ಶುರುವಾಗುವ ಆ ಕಾಗದದ ಕೆಳಗೆ ಸಹಿ ಆಗಬೇಕಿತ್ತು. ನಾನು “ವಕೀಲರನ್ನು ಕೇಳಿ…” ಎನ್ನುವಷ್ಟರಲ್ಲಿ ನಮ್ಮಕ್ಕ ನನ್ನ ತೋಳು ಹಿಡಿದಳು. ಆಸ್ಪತ್ರೆಯ ಬಿಲ್ಲು ಅವಳ ಸೆರಗಿನ ಗಂಟಿನಲ್ಲಿತ್ತು. ಹುಡುಗ ಪೆನ್ನು ತೆಗೆದುಕೊಂಡ. ಬ್ಯಾಂಡೇಜಿನ ಕೈಯಲ್ಲಿ ಅದು ನಿಲ್ಲಲಿಲ್ಲ, ಎಡಗೈಗೆ ಆ ಬಾಲ ಎಳೆಯಲು ಬರಲಿಲ್ಲ. ಸಾಹೇಬರು ಅದಕ್ಕೂ ಸಿದ್ಧವಾಗಿದ್ದರು. ಡ್ರಾಯರ್ ಎಳೆದು ನೇರಳೆ ಬಣ್ಣದ ಸ್ಟ್ಯಾಂಪ್ ಪ್ಯಾಡು ತೆಗೆದು, ಅವನ ಎಡಗೈ ಹೆಬ್ಬೆರಳನ್ನು ತಾವೇ ಹಿಡಿದು, ಪ್ಯಾಡಿಗೂ ಆಮೇಲೆ ಕಾಗದಕ್ಕೂ ಒತ್ತಿಸಿದರು. ಶೇಕಡಾ 30ರ ಬೆರಳು. ಗುರುತು ಎಲ್ಲೂ ಮಸುಕಾಗದೆ ಸ್ಪಷ್ಟವಾಗಿ ಮೂಡಿತು.